ಬೇಡ ಎಂದ ಮೇಲೆ ಯಾರ ಜೊತೆ

ಹೋದ ತಿಂಗಳು ತೀರಿಕೊಂಡ ಯೆನ್ ಲೀಯುನ್ ಟೀಚರ್, ತೈವಾನಿನ ಒಂದು ಬಂದರಿನ ಶಾಲೆಯಲ್ಲಿ ಹನ್ನೊಂದು ವರ್ಷ ಒಂದೇ ಪಾಠ ಮಾಡಿದರು: ಬೇಡ ಎನ್ನುವುದು. ಕಾಫಿ ಪೊಟ್ಟಣದಲ್ಲಿ ಮಾದಕ ಪುಡಿ ಬೆರೆತು ಮಕ್ಕಳ ಕೈಗೆ ಬರುತ್ತಿದ್ದ ಕಾಲ.

ಅಲ್ಲಿಯ ಊಟದ ಮೇಜಿನಲ್ಲಿ ಬೇಡ ಎಂಬುದು ಬರೀ ಮರ್ಯಾದೆಯ ಮಾತು. ಮೂರು ಸಲ ಬೇಡವೆಂದು ನಾಲ್ಕನೆಯ ಸಲ ಬಟ್ಟಲು ಒಡ್ಡಬೇಕು. ಲೀಯುನ್ ಮೊದಲು ಕಲಿಸಿದ್ದೂ ಅಂಥ ನಗುಮುಖದ ಬೇಡವನ್ನೇ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲವೆಂದು ತಿಳಿಯಲು ಎರಡು ವರ್ಷ ಹಿಡಿಯಿತು. ಆಮೇಲೆ ಪಾಠ ಬದಲಾಯಿತು: ನಗಬೇಡಿ, ಒಂದೇ ಸಲ ಹೇಳಿ, ಎದ್ದು ಹೋಗಿ. ಮಕ್ಕಳಿಗೆ ಹೇಳಿದ್ದನ್ನು ತಾವೂ ಮಾಡಿದರು. ಮದುವೆಯೂಟಗಳಲ್ಲಿ ಮದ್ಯಕ್ಕೆ ಒತ್ತಾಯ ಬಂದರೆ ಎದ್ದುಬಿಡುತ್ತಿದ್ದರು. ಬರಬರುತ್ತ ಮದುವೆಯ ಕೆಂಪು ಕರೆಯೋಲೆಗಳು ಅವರ ಮನೆಗೆ ಬರುವುದು ನಿಂತಿತು.

ಒಂದು ದಿನ ತರಗತಿಯಲ್ಲಿ ಬೇಡವೆಂದು ಆಡಿ ತೋರಿಸಲು ಹದಿನಾಲ್ಕರ ಪೇಯ್‌ಶಾನ್‌ಳ ಸರದಿ. ಗೆಳತಿಯೊಬ್ಬಳು ಅವಳ ಅಣ್ಣನಾಗಿ ನಟಿಸುತ್ತಿದ್ದಳು.

“ಕುಡಿಯೇ, ದೊಡ್ಡ ಸಾಧ್ವಿ. ಅಣ್ಣ ಕೊಟ್ರೆ ಒಲ್ಲೆ ಅಂತಾರಾ? ಬರೀ ಕಾಫಿ ಕಣೇ.”

“ಬೇಡ,” ಎಂದು ಪೇಯ್‌ಶಾನ್ ಎದ್ದಳು. ಎದ್ದವಳು ಅಲ್ಲೇ ನಿಂತಳು.

“ನಡಿ ಮಗಳೇ, ಹೋಗ್ಬೇಕು,” ಎಂದರು ಲೀಯುನ್.

“ಎಲ್ಲಿಗೆ ಟೀಚರ್? ಅಪ್ಪ ಮೀನಿನ ಹಡಗಲ್ಲಿದಾರೆ, ಆರು ತಿಂಗಳು ಬರಲ್ಲ. ನಂಗಿರೋದು ದೊಡ್ಡಪ್ಪನ ಮಕ್ಳೇ. ಅವರಲ್ಲಿ ದೊಡ್ಡಣ್ಣ ನಿಜವಾಗ್ಲೂ ಈ ಶನಿವಾರ ಕರೆದಿದಾನೆ. ಎದ್ದು ಬಂದ್ರೆ ಆಮೇಲೆ ಯಾರ ಜೊತೆ ಕೂತ್ಕೊಳ್ಳಲಿ?”

ಆ ಪ್ರಶ್ನೆ ಪಾಠದಲ್ಲಿ ಇರಲಿಲ್ಲ. ಲೀಯುನ್ ತಾವೇ ವರ್ಷಗಳಿಂದ ಒಬ್ಬರೇ ಉಣ್ಣುತ್ತಿದ್ದರು.

“ನಮ್ಮನೆಗೆ ಬಾ,” ಎಂದರು.

“ನಿಮ್ಮನೇಲಿ ಏನಿದೆ?”

“ಏನೂ ಇಲ್ಲ. ನಾನಿದೀನಿ.”

ಶನಿವಾರ ಲೀಯುನ್ ಇಬ್ಬರಿಗಾಗುವಷ್ಟು ಮೀನಿನ ಸಾರು ಮಾಡಿ, ಐದು ಗಂಟೆಗೇ ಬಾಗಿಲ ಬಳಿ ಕೂತರು. ಆರಾಯಿತು. ಸಾರು ಆರಿತು. ದೊಡ್ಡಪ್ಪನ ಮನೆ ಮೂರೇ ಓಣಿ ಆಚೆ. ಹೋಗಿ ಕೈ ಹಿಡಿದು ಕರೆತರಲೇ ಎಂದು ಎರಡು ಸಲ ಚಪ್ಪಲಿ ಮೆಟ್ಟಿದರು, ಎರಡು ಸಲ ಬಿಟ್ಟರು. ಎಳೆದು ತಂದರೆ ಆ ಬೇಡ ಅವಳದಾಗುವುದಿಲ್ಲ.

ಏಳಕ್ಕೆ ಪೇಯ್‌ಶಾನ್ ಬಂದಳು. ಅತ್ತು ಕಣ್ಣು ಕೆಂಪಗಾಗಿತ್ತು, ಮಾತು ನೆಟ್ಟಗಿತ್ತು.

“ಎದ್ದು ಬಂದೆ. ಇನ್ಮೇಲೆ ನನ್ನ ಕರೆಯಲ್ವಂತೆ.”

“ಕರೆಯಲ್ಲ,” ಎಂದರು ಲೀಯುನ್. ಸಮಾಧಾನದ ಸುಳ್ಳು ಅವರಿಗೆ ಬರುತ್ತಿರಲಿಲ್ಲ. “ನನ್ನೂ ಕರೆಯೋದು ಬಿಟ್ಟಿದಾರೆ. ಕೂತ್ಕೋ, ಸಾರು ಬಿಸಿ ಮಾಡ್ತೀನಿ.”

ಅಪ್ಪನ ಹಡಗು ಮರಳುವವರೆಗೂ ಅವಳು ಪ್ರತಿ ಶನಿವಾರ ಬಂದಳು. ಹಡಗು ಬಂದ ವಾರ ಅವಳು ಅಪ್ಪನ ಜೊತೆ ಕೂತಳು; ಲೀಯುನ್ ಮತ್ತೆ ಒಬ್ಬರಿಗಷ್ಟೇ ಅಡುಗೆ ಮಾಡಿಕೊಂಡರು. ಅಂದು ಊಟ ಸೇರಲಿಲ್ಲವೆಂದು ಆಮೇಲೆ ಅವಳಿಗೆ ಒಮ್ಮೆ ಮಾತ್ರ ಹೇಳಿದ್ದುಂಟು.