ಬೋರ್ಡ್ ಮೇಲೆ ಬರೆದ ವೆಲ್ ಇನ್‌ಫಾರ್ಮ್ಡ್

ಮೂರು ಕುರಿಮರಿಗಳು ಸತ್ತವು. ಕಾರಣ ನಾನು.

ಪೀಠಿಕೆಯಿಲ್ಲದೆ ಹೇಳಿಬಿಟ್ಟೆ. ಸುತ್ತಿ ಬಳಸಿ ಹೇಳಹೊರಟರೆ ತಪ್ಪು ಮಾತಿನ ಸಂದಿಯಲ್ಲೆಲ್ಲೋ ನುಸುಳಿ ಹೋಗುತ್ತದೆ. (ಬರೆಯುವವರಿಗೆ ಆ ವಿದ್ಯೆ ಚೆನ್ನಾಗಿ ಬರುತ್ತದೆ.)

ಕಳೆದ ಬುಧವಾರ ರಾಯಚೂರಿನಿಂದ ದೇವದುರ್ಗದ ಕಾಲೇಜೊಂದಕ್ಕೆ ಹೋಗಿದ್ದೆ. ಪೇಪರಿನಲ್ಲಿ ಬರೆಯುವವನಲ್ಲವೇ, ಇಂಗ್ಲಿಷ್ ಪದಗಳ ಬಗ್ಗೆ ಮಾತಾಡಿ ಎಂದು ಕರೆದಿದ್ದರು. ನಾನು ಆರಿಸಿಕೊಂಡ ಪದ ವೆಲ್ ಇನ್‌ಫಾರ್ಮ್ಡ್. ಬಹಳ ಓದಿದವರೆಲ್ಲ ವೆಲ್ ಇನ್‌ಫಾರ್ಮ್ಡ್ ಅಲ್ಲ, ಸುತ್ತಮುತ್ತ ಏನು ನಡೆದಿದೆ ಎಂದು ಸರಿಯಾಗಿ ತಿಳಿದವರು ಮಾತ್ರ, ಎಂದು ವಿವರಿಸಿದೆ. ಅಲ್ಲಿಗೇ ನಿಲ್ಲಿಸಬಹುದಿತ್ತಲ್ಲ? ‘ನಮ್ಮ ಜಿಲ್ಲೆಯ ಬಗ್ಗೆ ನಾನು ವೆಲ್ ಇನ್‌ಫಾರ್ಮ್ಡ್’ ಎಂಬ ವಾಕ್ಯವನ್ನು ಇಂಗ್ಲಿಷಿನಲ್ಲಿ ಬೋರ್ಡ್ ಮೇಲೆ ಬರೆದೆ. ಮಕ್ಕಳು ನೋಟ್‌ಬುಕ್ಕಿಗೆ ಇಳಿಸಿಕೊಂಡರು.

ಹೊರಡುವಾಗ ಚಹಾ ಕುಡಿಯುತ್ತ ಅಲ್ಲಿನ ಮೇಷ್ಟ್ರೊಬ್ಬರು, ಕಾಲುವೆ ಬಂದ್ ಆಗಿದೆ, ಮುಂದಿನ ವಾರದವರೆಗೆ ನೀರಿಲ್ಲ ಎಂದರು. ಅದನ್ನೂ ಕಿಸೆಗೆ ಹಾಕಿಕೊಂಡೆ.

ಅಲ್ಲಿಂದ ಬಸ್ ಹಿಡಿದು ಮಾನ್ವಿಗೆ, ತಂಗಿಯ ಮನೆಗೆ. ಭತ್ತ ಕೊಯ್ದ ಅವರ ಗದ್ದೆಯಲ್ಲಿ ಗೊಬ್ಬರ ಬೀಳಲೆಂದು ಕುರಿ ಹಿಂಡು ನಿಲ್ಲಿಸಿದ್ದರು. ಕುರಿಗಾಹಿ ಭೀಮಣ್ಣ, ಅವನ ಹೆಂಡತಿ ಲಕ್ಷ್ಮವ್ವ ದೊಡ್ಡ ಕುರಿಗಳ ಸುತ್ತ ಗೂಟ ನೆಟ್ಟು ಬಲೆ ಕಟ್ಟಿ, ಹಾಲು ಕುಡಿಯುವ ಮರಿಗಳ ಮೇಲೆ ದೊಡ್ಡ ಬುಟ್ಟಿ ಕವುಚಿದ್ದರು. ಕಾಲುವೆಯ ತೂಬಿನ ಪಕ್ಕದ ತಗ್ಗು ಗದ್ದೆ. ನೀರು ಬಿಟ್ಟರೆ ಮೊದಲು ತುಂಬುವುದೇ ಅದು.

ಸಂಜೆ ನಾನು ಗದ್ದೆಗೆ ಹೋದಾಗ ಲಕ್ಷ್ಮವ್ವ ಬಲೆಯ ಗೂಟ ಕೀಳುತ್ತಿದ್ದಳು. ಭೀಮಣ್ಣ ನನ್ನ ಹತ್ತಿರ ಬಂದ.

“ನಾಳಿ ನೀರು ಬರ್ತಾವಂತ ಕಾಲುವಿ ಗ್ಯಾಂಗ್‌ಮನ್ ಅಂದಾನ್ರಿ. ಮರಿ ಎತ್ತರಕ್ಕ ಒಯ್ಯಾಕತ್ತೀವಿ. ನೀವೇನಂತೀರಿ?”

ಮುಂದಿನ ವಾರದವರೆಗೆ ನೀರಿಲ್ಲ, ಸುಮ್ಮನೆ ಯಾಕೆ ಒದ್ದಾಡುತ್ತೀರಿ ಎಂದೆ. ಒಂದು ಕ್ಷಣವೂ ಯೋಚಿಸಲಿಲ್ಲ. ಅವನು ಕಾಲುವೆ ಕಡೆ ನೋಡಿದ, ಆಮೇಲೆ ನನ್ನ ಜೇಬಿನ ಪೆನ್ನು ನೋಡಿದ. ಪೇಪರಿನಲ್ಲಿ ಬರೆಯುವವರಿಗೆ ಗೊತ್ತಿರುತ್ತದೆ ಬಿಡು ಎಂದು ಹೆಂಡತಿಗೆ ಹೇಳಿದ. ಲಕ್ಷ್ಮವ್ವ ಕಿತ್ತ ಗೂಟವನ್ನು ಕಲ್ಲು ತಗೊಂಡು ಮತ್ತೆ ಬಡಿದಳು.

ದೇವದುರ್ಗದ ಕಾಲುವೆಗೆ ಬರುವುದು ಕೃಷ್ಣೆಯ ನೀರು. ಮಾನ್ವಿಗೆ ಬರುವುದು ತುಂಗಭದ್ರೆಯದು. ಅದು ಬಂದ್ ಆದರೆ ಇದೂ ಬಂದ್ ಆಗಬೇಕೆಂದೇನೂ ಇಲ್ಲ. ಇದು ನಮ್ಮ ಪ್ರೈಮರಿ ಶಾಲೆಯ ಮಗುವಿಗೂ ಗೊತ್ತು. ‘ಎರಡು ನದಿಗಳ ನಡುವಿನ ನಾಡು’ ಎಂದು ನಾನೇ ಎಷ್ಟು ಭಾಷಣ ಶುರು ಮಾಡಿಲ್ಲ?

ಗುರುವಾರ ಬೆಳಕು ಹರಿಯುವ ಹೊತ್ತಿಗೆ ನೀರು ಬಂತು. ದೊಡ್ಡ ಕುರಿಗಳನ್ನು ಬದುವಿಗೆ ಹತ್ತಿಸಿ, ಬುಟ್ಟಿಗಳನ್ನು ಒಂದೊಂದಾಗಿ ಎತ್ತುವಷ್ಟರಲ್ಲಿ ಕೊನೆಯ ಬುಟ್ಟಿಯೊಳಗಿನ ಮೂರು ಮರಿಗಳು ಮುಳುಗಿದ್ದವು. ನಾನು ತಂಗಿಯ ಮನೆಯಲ್ಲಿ ಫ್ಯಾನಿನ ಕೆಳಗೆ ಮಲಗಿದ್ದೆ.

ವಿಷಯ ತಿಳಿದು ಓಡಿದೆ. ಭೀಮಣ್ಣ ಉಳಿದ ಮರಿಗಳ ಮೈಯನ್ನು ಕಂಬಳಿಯಿಂದ ಉಜ್ಜುತ್ತಿದ್ದ. ಲಕ್ಷ್ಮವ್ವ ನನ್ನ ಕಡೆ ತಿರುಗಲೇ ಇಲ್ಲ. ಆಗಲೂ ನಾನು ಮಾಡಿದ್ದೇನು ಗೊತ್ತೇ? ಅದು ಆ ಕಾಲುವೆಯ ಸುದ್ದಿ, ಇದು ಈ ಕಾಲುವೆ ಎಂದು ವಿವರಿಸತೊಡಗಿದೆ. ಥೂ, ನನ್ನ ಜನ್ಮಕ್ಕಿಷ್ಟು.

ಭೀಮಣ್ಣ ತಲೆ ಎತ್ತದೆ ಅಂದ: “ಇರ್ಲಿ ಬಿಡ್ರಿ. ದಿನಾ ಕಾಲುವಿ ಮ್ಯಾಲ ತಿರುಗಾಡಾವನ ಮಾತು ಬಿಟ್ಟು ನಿಮ್ಮನ್ನ ಕೇಳಿದ್ದು ನಂದ ತಪ್ಪು.”

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ‘ನನಗೆ ಗೊತ್ತಿಲ್ಲ’ ಎನ್ನಲು ಯಾವ ಡಿಕ್ಷನರಿ ಬೇಕಿತ್ತು? ಅವನು ಮರಿ ಎತ್ತರಕ್ಕೆ ಒಯ್ಯಲು ಹೊರಟೇ ಇದ್ದ. ನಾನು ಬಾಯಿ ಮುಚ್ಚಿಕೊಂಡಿದ್ದರೂ ಸಾಕಿತ್ತು. ನಾಲ್ಕು ದಿನದಿಂದ ಆ ಲಕ್ಷ್ಮವ್ವನ ಬೆನ್ನು ಕಣ್ಣಿಂದ ಹೋಗುತ್ತಿಲ್ಲ. ನಾಚಿಕೆಯಾಗುತ್ತಿದೆ.

ದೇವದುರ್ಗದ ಮಕ್ಕಳೇ, ಆ ವಾಕ್ಯ ನಿಮ್ಮ ನೋಟ್‌ಬುಕ್ಕಿನಲ್ಲಿ ಇನ್ನೂ ಇದ್ದರೆ, ‘ನಾನು’ ಎಂಬುದನ್ನು ಹೊಡೆದುಹಾಕಿ ‘ಕಾಲುವೆಯ ಗ್ಯಾಂಗ್‌ಮನ್’ ಎಂದು ಬರೆದುಕೊಳ್ಳುತ್ತೀರಾ?