ಕಳಕಮ್ಮನ ಅಂಗಡಿಗೆ ಬಂದ ಕೈಗಳು

ಯಲಬುರ್ಗಾದ ಕಮ್ಮಾರರ ಕಳಕಮ್ಮನ ಬಲಗೈ ನೋಡಿದವರು ಯಾರೂ ಅವಳ ಜೊತೆ ಜಗಳಕ್ಕೆ ನಿಲ್ಲುತ್ತಿರಲಿಲ್ಲ. ಊರಲ್ಲಿ ನಿಂತವರು ಇಬ್ಬರೇ. ಒಬ್ಬ ಕಟ್ಟಿಕೊಂಡ ಗಂಡ ಗಾಳೇಶ, ಇನ್ನೊಬ್ಬಳು ಹೆತ್ತ ಮಗಳು ರಂಜಿತಾ.

1997ರಲ್ಲಿ ಮದುವೆಯಾಗಿ ಬಂದ ಹದಿನೈದೇ ದಿನಕ್ಕೆ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಗಾಳೇಶ ಅವಳ ಕಪಾಳಕ್ಕೆ ಬಾರಿಸಿದ. ಮಹಾತಾಯಿ ಅಳಲಿಲ್ಲ. ಸೀದಾ ಕುಲುಮೆಗೆ ಹೋದಳು, ಕಬ್ಬಿಣ ಬಡಿಯುವ ದೊಡ್ಡ ಚಮ್ಮಟಿಗೆ ಎತ್ತಿ ತಂದಳು, ಅವನು ಉಣ್ಣುತ್ತಿದ್ದ ಗಂಗಾಳದ ಮೇಲೆ ಒಂದೇ ಏಟು ಹಾಕಿದಳು. ಗಂಗಾಳ ರೊಟ್ಟಿಯ ಹಾಗೆ ಚಪ್ಪಟೆಯಾಯಿತು. "ಇನ್ನೊಮ್ಮಿ ಕೈ ಎತ್ತಿದ್ರ ಗಂಗಾಳ ಅಲ್ಲ, ನಿನ್ನ ತಲಿ" ಅಂದಳು. ಗಾಳೇಶ ಮತ್ತೆಂದೂ ಕೈ ಎತ್ತಲಿಲ್ಲ, ಚಮ್ಮಟಿಗೆಯನ್ನೇ ಅವಳಿಗೆ ಬಿಟ್ಟುಕೊಟ್ಟ. ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಅವನು ಹಿಡಿಯುವುದು, ಇವಳು ಬಡಿಯುವುದು. ಹದಿನೇಳು ವರ್ಷ ಸಂಸಾರ ಹಾಗೆಯೇ ನಡೆಯಿತು, ಅವನು ಕಾಮಾಲೆಯಲ್ಲಿ ಸಾಯುವವರೆಗೆ.

ಆ ಕುಲುಮೆಗೆ ಒಂದು ಪದ್ಧತಿಯಿತ್ತು. ಕುಡಗೋಲೋ ಕೊಡಲಿಯೋ ಬೇಕೆಂದು ಬಂದವರು ಮೊದಲು ಹಾಸಿದ ಬೂದಿಯ ಮೇಲೆ ಅಂಗೈ ಒತ್ತಬೇಕು. ಆ ಗುರುತಿನ ಅಳತೆಗೆ ಹಿಡಿ ಕೆತ್ತುವುದು. ಹಾಗಾಗಿ ಅವರ ಮನೆಯ ಕುಡಗೋಲು ಹಿಡಿದವನ ಕೈಯಲ್ಲಿ ಗುಳ್ಳೆ ಏಳುತ್ತಿರಲಿಲ್ಲ, ಹಿಡಿ ಜಾರುತ್ತಿರಲಿಲ್ಲ. ಕಳಕಮ್ಮ ಇದಕ್ಕೆ ತನ್ನದೊಂದು ಸೇರಿಸಿದ್ದಳು. "ಕೈ ನೋಡಿದ್ರ ಮನಷ್ಯಾ ಗೊತ್ತಾಗ್ತಾನ" ಎನ್ನುತ್ತಿದ್ದಳು. ಸರಿ ಕಾಣದ ಕೈಯವನನ್ನು ಬಾಯಿಗೆ ಬಂದಂತೆ ಬೈದು ಓಡಿಸುತ್ತಿದ್ದಳು. ಅದೊಂದು ಅವಳಿಗೆ ಭಾರಿ ಹೆಮ್ಮೆ.

ಕೊಯ್ಯುವ ಯಂತ್ರಗಳು ಬಂದು ಕುಡಗೋಲು ಕೇಳುವವರಿಲ್ಲದೆ ಕುಲುಮೆ ತಣ್ಣಗಾಗುತ್ತಿದ್ದಾಗ ಕೊರೊನಾ ಬಂತು. ಕಾಲೇಜು ಬಿಟ್ಟು ಮನೆಯಲ್ಲಿ ಕುಳಿತಿದ್ದ ರಂಜಿತಾ, ಅವ್ವ ಚಮ್ಮಟಿಗೆ ಬೀಸುವುದನ್ನು ಫೋನಿನಲ್ಲಿ ವಿಡಿಯೋ ಹಿಡಿದು ಇಂಟರ್‌ನೆಟ್ಟಿಗೆ ಬಿಟ್ಟಳು. ಎಲ್ಲೆಲ್ಲಿಯದೋ ಮಂದಿ ನೋಡಿ ಹುಚ್ಚಾದರು. 'ಕಳಕಮ್ಮನ ಕುಡಗೋಲು' ಎಂದು ಆನ್‌ಲೈನ್ ಅಂಗಡಿ ಶುರುವಾಯಿತು. ಗಿರಾಕಿಗಳು ಬಿಳಿ ಹಾಳೆಯ ಮೇಲೆ ಕೈಯಿಟ್ಟು ಸುತ್ತ ಗೆರೆ ಎಳೆದು ವಾಟ್ಸಾಪಿನಲ್ಲಿ ಕಳಿಸುವುದು, ಕಳಕಮ್ಮ ಆ ಗೆರೆಯ ಅಳತೆಗೆ ಹಿಡಿ ಕೆತ್ತುವುದು, ರಂಜಿತಾ ಪಾರ್ಸೆಲ್ ಕಟ್ಟುವುದು. ಎರಡು ವರ್ಷದಲ್ಲಿ ತಗಡಿನ ಮನೆಗೆ ಆರ್‌ಸಿಸಿ ಬಿತ್ತು. ಮಗಳ ಮುಖದಲ್ಲಿ ಕಳೆ ಬಂತು.

ಆಮೇಲೆ ಸಿದ್ದಾಪುರದಲ್ಲಿ ಕೊಲೆಯಾಯಿತು. ಕಾಲುವೆ ನೀರಿನ ಜಗಳ. ವಿರುಪಣ್ಣ ಎಂಬವನು ದಾಯಾದಿ ರವಿಕುಮಾರನನ್ನು ತೂಬಿನ ಹತ್ತಿರ ಅಡ್ಡಗಟ್ಟಿ ಕೊಡಲಿಯಿಂದ ಕುತ್ತಿಗೆಗೆ ಹೊಡೆದ. ಎರಡನೆಯ ಏಟು ಬೇಕಾಗಲಿಲ್ಲ. ರಕ್ತ ನೀರಿಗೆ ಸೇರಿ ಭತ್ತದ ಮಡಿಗೆ ಹರಿಯಿತು. ಪೊಲೀಸರು ಕಳಕಮ್ಮನನ್ನು ಠಾಣೆಗೆ ಕರೆಸಿ ಕೊಡಲಿಯನ್ನು ಮೇಜಿನ ಮೇಲಿಟ್ಟರು. ಅವಳದೇ ಕೊಡಲಿ. ಹಿಡಿಯ ಮೇಲೆ ರಕ್ತ ಒಣಗಿ ಕಪ್ಪಾಗಿತ್ತು.

"ಎಂಥಾ ಹರಿತ ಕೊಟ್ಟೀಯಬೇ ತಾಯಿ" ಅಂದ ಒಬ್ಬ ಪೇದೆ, ಹೊಗಳಿದ ಹಾಗೆ. ಆ ಕೊಡಲಿಗೆಂದು ವಾಟ್ಸಾಪಿನಲ್ಲಿ ಬಂದಿದ್ದ ಕೈಯ ಗೆರೆ ಕಳಕಮ್ಮನಿಗೆ ನೆನಪಿತ್ತು, ಅಗಲ ಅಂಗೈ, ದಪ್ಪ ಬೆರಳು. ಛಲೋ ಒಕ್ಕಲಿಗನ ಕೈ ಎಂದುಕೊಂಡು ಮೆಚ್ಚಿ ಕೆತ್ತಿದ್ದಳು.

ಮನೆಗೆ ಬಂದವಳೇ "ಬಂದ್ ಮಾಡು ನಿನ್ನ ಅಂಗಡಿ" ಎಂದು ಅರಚಿದಳು.

"ನೀ ಕಡದೀಯೇನು?" ರಂಜಿತಾಳೂ ಅರಚಿದಳು. "ಅಂವಾ ಸಂತ್ಯಾಗ ಕೊಂಡಿದ್ರ ರವಿಕುಮಾರ ಉಳೀತಿದ್ನೇನು? ನಾ ಮೂರು ವರ್ಷ ನಿದ್ದಿಗೆಟ್ಟು ಕಟ್ಟಿದ್ದು ಅದು!"

ಕಳಕಮ್ಮ ಮಗಳ ಕೆನ್ನೆಗೆ ಹೊಡೆದಳು, ತುಟಿ ಒಡೆಯಿತು. ಮಗಳು ಹಿತ್ತಾಳೆ ತಂಬಿಗೆ ಬೀಸಿ ಒಗೆದಳು, ಅದು ಅವ್ವನ ಹುಬ್ಬು ಸೀಳಿತು. ಇಬ್ಬರೂ ಒಬ್ಬರನ್ನೊಬ್ಬರು ಶಪಿಸುತ್ತ ಒಂದೇ ಸೆರಗಿನಲ್ಲಿ ರಕ್ತ ಒರೆಸಿಕೊಂಡರು. ಅಂಗಡಿ ನಡೆದೇ ನಡೆಯಿತು.

ಎಂಟು ತಿಂಗಳ ಮೇಲೆ ಗಂಗಾವತಿಯ ವ್ಯಾಪಾರಿ ಯಂಕೇಶ ಕಾರಿನಲ್ಲಿ ಬಂದ. ಹೆಸರು, ವಿಡಿಯೋ, ಗಿರಾಕಿಗಳ ಸಮೇತ ಅಂಗಡಿಯನ್ನು ಕೊಂಡುಬಿಡುತ್ತೇನೆ ಎಂದ.

"ಕೊಲಿ ಆದ ಮ್ಯಾಲ ನಿಮ್ಮ ಆರ್ಡರ್ ಮೂರು ಪಟ್ಟು ಆಗ್ಯಾವಲ್ರಿ ಅಕ್ಕಾರ. ನಸೀಬು ಅಂದ್ರ ಇದು. ನಾ ಫ್ಯಾಕ್ಟರಿ ಮಾಲು ತರ್ತೀನಿ, ಉದ್ದನ್ನ ಮಚ್ಚು. ನಿಮ್ಮ ಫೋಟೋ ಹಾಕ್ತೀನಿ. ಕೈ ಅಳತಿ ಗಿಳತಿ ಯಾಕ ಬೇಕ್ರಿ?"

ಕಳಕಮ್ಮನಿಗೆ ಅವನ ಹಲ್ಲು ಉದುರಿಸಬೇಕೆನಿಸಿತು. ಆದರೆ ದಣಿದಿದ್ದಳು. ಪೀಡೆ ತೊಲಗಲಿ, ಮಗಳ ಕೈಗಾದರೂ ನಾಲ್ಕು ಕಾಸು ಸಿಗಲಿ ಎಂದು ಹೂಂ ಅಂದಳು. ಸೋಮವಾರ ಕಾಗದಕ್ಕೆ ಸಹಿ ಎಂದು ನಿಕ್ಕಿಯಾಯಿತು.

ಶನಿವಾರ ಮಧ್ಯಾಹ್ನ ಒಬ್ಬ ಹೆಂಗಸು ಬಾಗಿಲಿಗೆ ಬಂದಳು. ಕುಷ್ಟಗಿಯ ತವರುಮನೆ ವಿಳಾಸಕ್ಕೆ ಕುಡಗೋಲು ಹೇಳಿ ಹತ್ತು ದಿನವಾಯಿತು, ಇನ್ನೂ ಬಂದಿಲ್ಲ, ಬೇಕಾಗಿದೆ ಎಂದಳು. ಪಾರ್ಸೆಲ್ ಗೂಡಿನಲ್ಲೇ ಇತ್ತು, ಕಳಕಮ್ಮ ತೆಗೆದು ಅವಳ ಕೈಗೆ ಕೊಟ್ಟಳು. ಸಣ್ಣ ಅಂಗೈ, ನಾಟಿ ಮಾಡಿ ಸವೆದ ಬೆರಳು. ಪಾಪ, ದುಡಿಯುವ ಹೆಣ್ಣು ಎಂದು ಕಳಕಮ್ಮ ಹಿಡಿಯನ್ನು ನುಣ್ಣಗೆ ತೀಡಿದ್ದಳು.

"ಯಾವ ಊರಿಗೆ ಕೊಟ್ಟಾರಬೇ ನಿನ್ನ?" ಎಂದು ಕೇಳಿದಳು.

"ಸಿದ್ದಾಪುರ. ನಾ ರವಿಕುಮಾರನ ಹೇಣ್ತಿ, ಫಕೀರಮ್ಮ."

ಕಳಕಮ್ಮ ಪಾರ್ಸೆಲ್ ಕಸಿದು, ಹರಿದು, ಕುಡಗೋಲನ್ನು ಕಬ್ಬಿಣ ಬಡಿಯುವ ಅಡೆಗಲ್ಲಿನ ಮೇಲಿಟ್ಟು ಚಮ್ಮಟಿಗೆಯಿಂದ ಬಡಿದಳು. ಅಲಗು ಎರಡು ತುಂಡಾಯಿತು. ಫಕೀರಮ್ಮ ಚೀರುತ್ತ ಮೈಮೇಲೆ ಬಿದ್ದಳು. ಕೂದಲು ಹಿಡಿದು ಜಗ್ಗಿದಳು, ತೋಳಿಗೆ ಹಲ್ಲು ಊರಿದಳು. ಕಳಕಮ್ಮ ಅವಳನ್ನು ಬೂದಿಯಲ್ಲಿ ಕೆಡವಿ ಎದೆಯ ಮೇಲೆ ಮೊಣಕಾಲು ಊರಿದಳು.

"ನೀನೂ ಕಡೀಬೇಕೇನು? ಕಡದು ಜೇಲಿಗೆ ಹೋಗಬೇಕೇನು?"

"ಕಡ್ಯಾಕಲ್ಲ!" ಫಕೀರಮ್ಮ ಒದರಿದಳು. "ವಿರುಪಣ್ಣಗ ಜಾಮೀನು ಸಿಕ್ಕೈತಿ. ದಿನಾ ಬಾಗಲ ಮುಂದ ಬಂದು ನಿಂದ್ರತಾನ. ಸಾಕ್ಷಿ ಹೇಳಿದ್ರ ನಿನ್ನೂ ಅದ ಕಾಲುವ್ಯಾಗ ಕೆಡವ್ತೀನಿ ಅಂತಾನ. ಬಂದಾಗ ನಾ ಏನ್ ಹಿಡೀಲಿ? ಲಟ್ಟಣಿಗಿ ಹಿಡೀಲೇನು?"

ಕಳಕಮ್ಮ ಮೊಣಕಾಲು ತೆಗೆದಳು. ಎದ್ದು ಮುಖ ತೊಳೆದು, ಎರಡು ಸೀರೆ ಗಂಟು ಕಟ್ಟಿಕೊಂಡು, ಚಮ್ಮಟಿಗೆಯನ್ನು ಚೀಲದಲ್ಲಿ ಸುತ್ತಿದಳು. "ಯಂಕೇಶಗ ತಡಿ ಅನ್ನು. ನಾ ಬರೂತನಕ ಒಂದು ಮಾಲೂ ಹೊರಗ ಹೋಗಬಾರದು" ಎಂದು ಮಗಳಿಗೆ ಹೇಳಿ, ಫಕೀರಮ್ಮನ ಜೊತೆ ಬಸ್ಸು ಹತ್ತಿದಳು.

ಸಿದ್ದಾಪುರದಲ್ಲಿ ಅವಳು ಐದು ದಿನ ಫಕೀರಮ್ಮನ ಕಟ್ಟೆಯ ಮೇಲೆ ಕುಳಿತಳು. ಆರನೆಯ ದಿನ ಹಾಡಹಗಲೇ ವಿರುಪಣ್ಣ ಬಂದ, ಕುಡಿದಿದ್ದ, ಕೈಯಲ್ಲಿ ಸಲಿಕೆ. "ಆಕಡಿ ಸರಿ ಮುದುಕಿ" ಎಂದು ಕಟ್ಟೆ ಹತ್ತಿದ. ಸಲಿಕೆ ಎತ್ತುವುದರೊಳಗೆ ಕಳಕಮ್ಮನ ಚಮ್ಮಟಿಗೆ ಅವನ ಮಣಿಕಟ್ಟಿನ ಮೇಲೆ ಬಿತ್ತು. ಮೂಳೆ ಲಟಕ್ಕೆಂದಿದ್ದು ಓಣಿಗೆಲ್ಲ ಕೇಳಿಸಿತು. ಅವನು ಬಿದ್ದ, ಬೊಬ್ಬೆ ಹೊಡೆದ, "ಬ್ಯಾಡಬೇ ಯವ್ವಾ" ಎಂದು ಎಡಗೈ ಮುಗಿಯುವಂತೆ ಎತ್ತಿದ. ಅಲ್ಲಿಗೆ ಮುಗಿದಿತ್ತು. ಆದರೆ ಕಳಕಮ್ಮ ಚಮ್ಮಟಿಗೆಯನ್ನು ಮತ್ತೆ ಎತ್ತಿದ್ದಳು, ಈ ಸಲ ತಲೆಯ ನೇರಕ್ಕೆ. ಮೈಯೆಲ್ಲ ಹಿತವಾಗಿತ್ತು. ಇಷ್ಟು ಹಿತ ಅವಳಿಗೆ ಜನ್ಮದಲ್ಲಿ ಆಗಿರಲಿಲ್ಲ. ಫಕೀರಮ್ಮ ಹಿಂದಿನಿಂದ ಸೊಂಟಕ್ಕೆ ಜೋತುಬಿದ್ದು ಕೆಳಗೆ ಜಗ್ಗದಿದ್ದರೆ ಅವನ ತಲೆ ಅಂದೇ ಒಡೆಯುತ್ತಿತ್ತು.

ವಿರುಪಣ್ಣನ ಜಾಮೀನು ರದ್ದಾಯಿತು. ಮುಂದೆ ಫಕೀರಮ್ಮ ಕೋರ್ಟಿನಲ್ಲಿ ನಿಂತು ಕಂಡಿದ್ದನ್ನು ಕಂಡ ಹಾಗೆ ಹೇಳಿದಳು. ಹೊಡೆದಾಟದ ಮರುದಿನವೇ ಓಣಿಯ ಹೆಂಗಸರು, ಗಂಡ ಸತ್ತವಳು ಎಂದು ನೋಡದೆ, ಕಳಕಮ್ಮನ ಉಡಿ ತುಂಬಿ ಕಳಿಸಿದರು. ಯಾರೋ ಆ ಹೊಡೆದಾಟವನ್ನು ಫೋನಿನಲ್ಲಿ ಹಿಡಿದಿದ್ದರು. ಅವಳು ಯಲಬುರ್ಗಾ ಮುಟ್ಟುವುದರೊಳಗೆ ಜಿಲ್ಲೆಯೆಲ್ಲ ಅದನ್ನು ನೋಡಿತ್ತು.

ರಂಜಿತಾ ಕುಣಿಯುತ್ತ ಬಂದಳು. "ಯವ್ವಾ, ಒಂದ ದಿನಕ್ಕ ನಾಕನೂರು ಆರ್ಡರ್! ಯಂಕೇಶ ಎರಡು ಪಟ್ಟು ಕೊಡ್ತೀನಿ ಅಂತಾನ. ಮಾರೂಣೋ, ನಾವ ನಡಸೂಣೋ, ಹೇಳು."

ಕಳಕಮ್ಮ ನೀರು ಕುಡಿದು ತಂಬಿಗೆ ಕೆಳಗಿಟ್ಟಳು.

"ಮುಚ್ಚು" ಅಂದಳು.

"ಯಾಕ? ಈಗ ಏನಾತು?"

"ಬಿದ್ದು ಕೈ ಮುಗದವನ ತಲಿ ಒಡ್ಯಾಕ ಹೋಗಿದ್ದೆ ರಂಜೀ. ಇಪ್ಪತ್ತೈದು ವರ್ಷ ಮಂದಿ ಕೈ ನೋಡಿ ಇಂವಾ ಒಳ್ಳ್ಯಾವ, ಇಂವಾ ಕೆಟ್ಟಾವ ಅಂದೆ. ನನ್ನ ಕೈನ ನನಗ ಗೊತ್ತಿದ್ದಿಲ್ಲ."

"ಹಂಗಾರ ಯಂಕೇಶಗ ಕೊಡು!"

"ಅಂವಾ ಕೈ ನೋಡೂದೂ ಇಲ್ಲ."

ರಂಜಿತಾ ಅತ್ತಳು. ಫೋನು ತೆಗೆದು ಒಂದೊಂದೇ ಆರ್ಡರ್ ರದ್ದು ಮಾಡುತ್ತ, ನೀನು ತಾಯಿಯೇ ಅಲ್ಲ, ಹೆತ್ತ ಮಗಳ ಅನ್ನ ಕಿತ್ತುಕೊಂಡೆ, ನಿನ್ನ ಕೈ ಸೇದಿಹೋಗಲಿ ಎಂದು ಸಂಜೆವರೆಗೂ ಬೈದಳು. ಕಳಕಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದು ಕುಳಿತೇ ಇದ್ದಳು.