ಅಪ್ಪ ಹಾರಿಸಿ ಓದುತ್ತಿದ್ದ ಪುಟಗಳು

ನಮ್ಮ ಮನೆಯಲ್ಲಿ ನಗುವುದಕ್ಕೂ ಅಪ್ಪಣೆ ಬೇಕಿತ್ತು. ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿಗಳನ್ನು ಇಳಿಸಿ, ಸಿಪ್ಪೆ ಸುಲಿದು, ಮಚ್ಚಿನಿಂದ ಚಿಪ್ಪು ಬಿಡಿಸಿ, ಒಳಗಿನ ಕೊಬ್ಬರಿಯನ್ನು ಉಂಡೆಯಾಗಿಯೇ ತೆಗೆಯಬೇಕು. ನಕ್ಕು ಕೈ ಸ್ವಲ್ಪ ಅಲುಗಿದರೂ ಉಂಡೆ ಹೋಳಾಗುತ್ತದೆ. ಹೋಳನ್ನು ತಿಪಟೂರಿನ ಮಂಡಿಯಲ್ಲಿ ಯಾರೂ ಮೂಸಿ ನೋಡುವುದಿಲ್ಲ. ಬಿಳಿಗೆರೆಯ ನಮ್ಮ ಪಡಸಾಲೆಯಲ್ಲಿ ಸೋದರತ್ತೆ ಮತ್ತು ಅಕ್ಕಪಕ್ಕದ ಹೆಂಗಸರು ಕೊಬ್ಬರಿ ಬಿಡಿಸುತ್ತಿದ್ದರೆ, ಅಪ್ಪ ಕಂಬಕ್ಕೆ ಒರಗಿ, ನನಗೆಂದು ತಂದ ಮಕ್ಕಳ ಪುಸ್ತಕವನ್ನು ಎಲ್ಲರಿಗೂ ಕೇಳುವಂತೆ ಓದುತ್ತಿದ್ದ.

ಪೆದ್ದ ಹುಡುಗನೊಬ್ಬನ ಫಜೀತಿಗಳ ಪುಸ್ತಕ ಅದು. ಎಮ್ಮೆಗೆ ಚಳಿಯಾಗುತ್ತದೆಂದು ಮೇಷ್ಟರ ಕೋಟು ಹೊದಿಸುವಂಥ ಹುಡುಗ. ನಗುವ ಜಾಗ ಹತ್ತಿರ ಬಂತೆಂದರೆ ಅಪ್ಪ ತಲೆ ಎತ್ತಿ, "ಮಚ್ಚು ಕೆಳಗಿಡ್ರಮ್ಮಾ" ಅನ್ನುತ್ತಿದ್ದ. ಎಲ್ಲರೂ ಇಟ್ಟರೇ ಮುಂದಿನ ಸಾಲು. ಮಚ್ಚು ನೆಲ ಮುಟ್ಟುವ ಹೊತ್ತಿಗೆ, ವಿಷಯ ಏನೆಂದು ತಿಳಿಯುವ ಮೊದಲೇ ಅರ್ಧ ಜನ ನಗುತ್ತಿದ್ದರು.

ಅಮ್ಮ ತೀರಿಕೊಂಡಾಗ ನಾನು ಕೂಸು. ಅವಳ ಮುಖ ನನಗೆ ನೆನಪಿಲ್ಲ. ಸಾಕಿದವಳು ಅತ್ತೆ, ಅಂದರೆ ಅಪ್ಪನ ಅಕ್ಕ. ನಗಿಸಿದವನು ಅಪ್ಪ. ನನಗೇನೂ ಕಡಿಮೆಯಾಗಿರಲಿಲ್ಲ ಎಂದೇ ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ.

ಅಪ್ಪ ಹೋದ ಮೇಲೆ ತಿಪಟೂರಿನ ಅಂಗಡಿಯೊಂದರಲ್ಲಿ ಆ ಪುಸ್ತಕದ ಹೊಸ ಮುದ್ರಣ ಕಣ್ಣಿಗೆ ಬಿತ್ತು. ಮನೆಯ ಪ್ರತಿಯನ್ನು ಗೆದ್ದಲು ತಿಂದು ಎಷ್ಟೋ ಕಾಲವಾಗಿತ್ತು. ಮಗಳಿಗೆ ಅಂತ ನೆಪ ಹೇಳಿಕೊಂಡು ಕೊಂಡೆ. ನಿಜ ಹೇಳಬೇಕೆಂದರೆ ಅಪ್ಪನ ದನಿ ಬೇಕಾಗಿತ್ತು. ನಾನೀಗ ಇರುವ ತುರುವೇಕೆರೆಯ ಬಸ್ಸು ಹತ್ತಿ ಕೂತವಳೇ ಓದಲು ಶುರು ಮಾಡಿದೆ. ಎಮ್ಮೆಯ ಕೋಟು ಬಂತು, ಹೋಯಿತು. ಇಷ್ಟಕ್ಕೆಲ್ಲ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವಾ ಅನ್ನಿಸಿ ಪುಸ್ತಕದ ಮೇಲೂ ನನ್ನ ಮೇಲೂ ಸಿಟ್ಟು ಬಂತು. ಅಪ್ಪನಿಲ್ಲದೆ ಅದು ಬರೀ ಕಾಗದವಾಗಿತ್ತು.

ಮಧ್ಯದಲ್ಲಿ ನಾನು ಎಂದೂ ಕೇಳಿರದ ಒಂದು ಅಧ್ಯಾಯ ಸಿಕ್ಕಿತು. ಸಂತೆಯಲ್ಲಿ ಹುಡುಗ ಅಮ್ಮನ ಕೈ ಬಿಟ್ಟು ತಪ್ಪಿಸಿಕೊಳ್ಳುತ್ತಾನೆ. ತಪ್ಪಿಸಿಕೊಂಡದ್ದು ತಾನಲ್ಲ, ಅಮ್ಮ ಎಂದು ಅವನ ನಂಬಿಕೆ. ಅಂಗಡಿ ಅಂಗಡಿಗೂ ಹೋಗಿ ಗುರುತು ಹೇಳುತ್ತಾನೆ: ಸೀರೆ ಉಟ್ಟಿದ್ದಾಳೆ, ಯಾವಾಗಲೂ ಬೈಯುತ್ತಾಳೆ. ಸಂತೆಯವರು ಬೈಯುವ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ತಂದು, "ಇವಳೇನಪ್ಪಾ?" ಎಂದು ತೋರಿಸುತ್ತಾರೆ. ನಿಜವಾದ ಅಮ್ಮ ಅವನ ಬೆನ್ನ ಹಿಂದೆಯೇ ಬುಟ್ಟಿ ಹಿಡಿದು, ನಗು ತಡೆದುಕೊಂಡು ಬರುತ್ತಿರುತ್ತಾಳೆ. ಇಡೀ ಪುಸ್ತಕದಲ್ಲಿ ಇದಕ್ಕಿಂತ ಹೆಚ್ಚು ನಗಿಸುವ ಅಧ್ಯಾಯ ಇನ್ನೊಂದಿಲ್ಲ. ಅದನ್ನೇ ಅಪ್ಪ ಹಾರಿಸಿದ್ದ.

ಆ ಭಾನುವಾರ ಮಗಳನ್ನು ಕರೆದುಕೊಂಡು ಬಿಳಿಗೆರೆಗೆ ಹೋದೆ. ಅತ್ತೆ ಈಗಲೂ ಅದೇ ಪಡಸಾಲೆಯಲ್ಲಿ ಕೂತು ಕೊಬ್ಬರಿ ಬಿಡಿಸುತ್ತಾಳೆ. ಅವಳ ಮುಂದೆಯೇ ಆ ಅಧ್ಯಾಯ ಓದಿದೆ. ಮಗಳು ಬಿದ್ದು ಬಿದ್ದು ನಕ್ಕಳು. ಅತ್ತೆ ನಗಲಿಲ್ಲ.

"ಇದನ್ನ ಅಪ್ಪ ಯಾಕೆ ಓದ್ತಿರ್ಲಿಲ್ಲ ಅತ್ತೆ?" ಎಂದು ಕೇಳಿದೆ.

"ನಮ್ಮಮ್ಮನ್ನೂ ಹುಡ್ಕಣ ಬಾ ಅಂತ ನೀನೆಲ್ಲಿ ಅಂದುಬುಡ್ತೀಯೋ ಅಂತ ಹೆದ್ರಿಕೆ ಕಣೇ ಅವ್ನಿಗೆ," ಎಂದಳು. ಆಮೇಲೆ ಕೈಯಲ್ಲಿದ್ದ ಉಂಡೆಯ ದೂಳು ಒರೆಸುತ್ತಾ ಮುಂದುವರಿಸಿದಳು. "ಆ ಪುಸ್ತಕ ತಂದ ದಿನ ತೋಟದಾಗೆ ಕೂತ್ಕಂಡು ಒಬ್ನೇ ಓದ್ತಿದ್ದ. ಊಟಕ್ಕೆ ಕರ್ಯಕ್ಕೆ ಹೋದ್ರೆ ನಗ್ತಾ ಕೂತವ್ನೆ. ನಿಮ್ಮಮ್ಮ ಹೋದ್ಮೇಲೆ ಅವ್ನು ನಕ್ಕಿದ್ದು ಅವತ್ತೇ. ನನ್ನ ನೋಡಿದ್ದೇ ತಡ, ನಕ್ಕುಬುಟ್ಟೆ ಕಣಕ್ಕಾ ಅಂತ ಅಳಕ್ಕೆ ಶುರು ಮಾಡ್ದ."

ಇಷ್ಟು ವರ್ಷ ನಾನು ಅವನನ್ನು ನಗೆಯ ಮನುಷ್ಯ ಎಂದುಕೊಂಡಿದ್ದೆ. ನನ್ನೆದುರು ಅವನು ಒಂದು ದಿನವೂ ಅತ್ತದ್ದಿಲ್ಲ, ಅಮ್ಮನ ಮಾತನ್ನು ಎತ್ತಿದ್ದೂ ಇಲ್ಲ. ಅವನಿಗೆ ನೋವಾಗುತ್ತದೆಂದು ನಾನೂ ಕೇಳಲಿಲ್ಲ. ಒಬ್ಬರನ್ನೊಬ್ಬರು ನೋವಿನಿಂದ ಕಾಯುತ್ತಾ ಇಬ್ಬರೂ ಸೇರಿ ಅಮ್ಮನನ್ನು ಮನೆಯಿಂದಲೇ ಹೊರಗಿಟ್ಟುಬಿಟ್ಟಿದ್ದೆವು.

"ಇನ್ನೊಂದ್ಸಲ ಓದಮ್ಮಾ," ಎಂದು ಮಗಳು ಪುಸ್ತಕವನ್ನು ನನ್ನ ತೊಡೆಗೆ ತಳ್ಳಿದಳು. ಓದಿದೆ. ಬಳೆಗಾರನ ಮುಂದೆ ನಿಂತು ಹುಡುಗ ಗುರುತು ಹೇಳುವ ಜಾಗಕ್ಕೆ ಬಂದಾಗ ಮುಂದೆ ಹೋಗಲಾಗಲಿಲ್ಲ. ಆ ಪೆದ್ದನಿಗೆ ತನ್ನ ಅಮ್ಮನ ಬೈಗುಳವಾದರೂ ಗೊತ್ತಿತ್ತು.

ಹುಟ್ಟಿದಾಗಿನಿಂದ ಕೇಳದೇ ಇದ್ದುದನ್ನು ಆಗ ಕೇಳಿದೆ. "ನಮ್ಮಮ್ಮ ನನಗೆ ಬೈತಿದ್ಲಾ ಅತ್ತೆ?"

ಅತ್ತೆ ಮಚ್ಚು ಕೆಳಗಿಟ್ಟಳು.

"ಎಲ್ಲಿ ಬೈತಾಳೆ ಮಗಾ," ಎಂದಳು. "ಬೈಸ್ಕಳೋ ಅಷ್ಟು ನೀನಿನ್ನೂ ಬೆಳ್ದೇ ಇರ್ಲಿಲ್ವಲ್ಲೇ."